ಎಡ ಮುಂಗಾಲಿಯ ಕಪ್ಪು

ನಮ್ಮ ಕಾರಿನ ನಾಲ್ಕು ಗಾಲಿಗಳ ಪೈಕಿ ಎಡಗಡೆಯ ಮುಂದಿನದಕ್ಕೆ ಮಾತ್ರ ಬೇರೆಯೇ ಬಣ್ಣ. ಭಾನುವಾರ ತೊಳೆದರೆ ಬುಧವಾರದ ಹೊತ್ತಿಗೆ ಮಸಿ ಬಳಿದಂತಾಗುತ್ತಿತ್ತು. ಬಲಗಡೆಯದಕ್ಕೂ ಕಪ್ಪು ಹಿಡಿಯುತ್ತಿತ್ತು, ಆದರೆ ಅದು ತೆಳುವಾದ ಬೂದಿ. ಎಡಗಡೆಯದು ಸೌದೆ ಒಲೆಯ ಹಿಂದಿನ ಗೋಡೆ. ಎಂಟು ತಿಂಗಳು ಇದನ್ನು ನೋಡಿದೆ, ತೊಳೆದೆ, ಬೈದುಕೊಂಡೆ. ಏಕೆ ಹೀಗೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಮನೆಯ ಮುಂದೆ ಎಡ ಮಗ್ಗುಲು ಗಟಾರದ ಕಡೆಗೆ ಬರುವಂತೆ ನಿಲ್ಲಿಸುತ್ತೇನೆ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ. ಕಾರು ಸೆಕೆಂಡ್ ಹ್ಯಾಂಡ್. ಸಣ್ಣ ಗಾಡಿ, ಬೆಳ್ಳಿ ಬಣ್ಣದ ಅಲಾಯ್ ಗಾಲಿಗಳು (ಅಲ್ಯೂಮಿನಿಯಂ ಮಿಶ್ರಲೋಹದವು), ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಕೊಳ್ಳುವಾಗ ನನ್ನ ಬುದ್ಧಿ ಕೆಡಿಸಿದ್ದೇ ಆ ಗಾಲಿಗಳು. ಎಂಜಿನ್ ನೋಡುವುದನ್ನು ಬಿಟ್ಟು ಗಾಲಿ ನೋಡಿ ಹೂಂ ಎಂದವನು ನಾನು. ಮಾರಿದವನು ಅವಕ್ಕೆ ಅದೇನೋ ಎಣ್ಣೆ ಸವರಿ ಮಿರಮಿರ ಮಿಂಚಿಸಿದ್ದ. ಮೊದಲ ಮಳೆಗೆ ಎಣ್ಣೆ ಇಳಿಯಿತು, ಅಡಿಯಿಂದ ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದವು. ಸಾಸಿವೆ ಕಾಳಿಗಿಂತ ಸಣ್ಣವು, ಲೆಕ್ಕವಿಲ್ಲದಷ್ಟು.

ತಂಗಿಯನ್ನು ಪಣಜಿಗೆ ಕೊಟ್ಟಿದ್ದೇವೆ. ತಿಂಗಳಿಗೊಮ್ಮೆಯಾದರೂ ಅವ್ವ ಕುಂದಾ ಕಟ್ಟಿಸಿಕೊಂಡು ಹೊರಡುತ್ತಾಳೆ. ಗಾಡಿ ಓಡಿಸುವವನು ನಾನು. ಜಾಂಬೋಟಿ, ಕಣಕುಂಬಿ ದಾಟಿದರೆ ಚೋರ್ಲಾ ಘಾಟ್. ಮಳೆಗಾಲದಲ್ಲಿ ಆ ರಸ್ತೆಯ ಕೆಂಪು ಮಣ್ಣು ಗಾಡಿಯ ಮೈಗೆಲ್ಲ ಮೆತ್ತಿಕೊಳ್ಳುತ್ತದೆ. ಹಾಗಾಗಿ ಕಿತ್ತಳೆ ಚುಕ್ಕೆಗಳೂ ಆ ಮಣ್ಣಿನದೇ ಎಂದು ನಂಬಿದ್ದೆ. ಶಾಂಪೂ ಹಾಕಿ ತಿಕ್ಕಿದೆ, ಹೋಗಲಿಲ್ಲ. ಅಡುಗೆ ಸೋಡಾ ಕಲಸಿ ಹಚ್ಚಿದೆ, ಹೋಗಲಿಲ್ಲ. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದನ್ನೇ ಕಂಡವಳು ಅವ್ವ. ಕಟ್ಟೆಯ ಮೇಲೆ ಕುಳಿತು, "ಒಂದು ಮುಷ್ಟಿ ಹುಣಸೆಹಣ್ಣು ಕೊಡುತ್ತೇನೆ, ತಗೋ" ಎಂದಳು. ಅಲ್ಯೂಮಿನಿಯಂ ಬೇರೆ, ಹಿತ್ತಾಳೆ ಬೇರೆ ಎಂದೆ. "ಗಡಿಗೆ ತೊಳೆಯುವವಳಿಗೆ ನೀನು ಹೇಳಿಕೊಡುತ್ತೀಯಾ?" ಎಂದು ಒಳಗೆ ಹೋದಳು. ಒಂದು ದಿನ ಪಾತ್ರೆ ತಿಕ್ಕುವ ಸ್ಟೀಲಿನ ನಾರನ್ನು ಕೈಗೆ ತೆಗೆದುಕೊಂಡದ್ದೂ ಉಂಟು. ಗಾಲಿಯ ಮೂಲೆಯಲ್ಲಿ ಎರಡು ಬಾರಿ ಎಳೆದೆ. ಚುಕ್ಕೆಗಳ ಜೊತೆಗೆ ಮೇಲಿನ ಹೊಳಪೂ ಕಿತ್ತು ಬಂದಾಗ ನಾರನ್ನು ಅಲ್ಲೇ ಬಿಸಾಡಿದೆ. ಆ ಎರಡು ಗೀರುಗಳು ಇಂದಿಗೂ ಹಾಗೆಯೇ ಇವೆ.

ಆಮೇಲೆ ಊರಿನ ಒಂದು ವಾಶಿಂಗ್ ಸೆಂಟರಿಗೆ ಹೋದೆ. ಯಾವುದು ಎಂಬುದು ಬೇಡ. ಅಂಥವು ಎಲ್ಲ ಊರಿನಲ್ಲೂ ಇವೆ. ಮೀಸೆ ಮೂಡದ ಹುಡುಗನೊಬ್ಬ ಹೆಸರಿಲ್ಲದ ಪ್ಲಾಸ್ಟಿಕ್ ಕ್ಯಾನು ಹಿಡಿದು ಬಂದ. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ. ನನ್ನನ್ನು ಏನೂ ಕೇಳದೆ ಬಲಗಡೆಯ ಹಿಂದಿನ ಗಾಲಿಗೆ ಬ್ರಷ್ಷಿನಿಂದ ಸವರಿದ. ಸಣ್ಣಗೆ ಹೊಗೆ ಎದ್ದಿತು, ಮೂಗು ಉರಿಯಿತು. "ಏನಿದು ತಮ್ಮಾ?" ಎಂದೆ. "ಆಸಿಡ್ ಸರ್, ಎಲ್ಲಾ ಹೋಗುತ್ತದೆ" ಎಂದ. ಎಲ್ಲಾ ಹೋಗುತ್ತದೆ ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ. ನೀರು ಹಾಕಿಸುವಷ್ಟರಲ್ಲಿ ಗಾಲಿಯ ಮೇಲೆ ಸುಣ್ಣ ಚೆಲ್ಲಿದಂತಹ ಬಿಳಿ ಮಂಕು ಕವಿದಿತ್ತು. ಉಳಿದ ಮೂರನ್ನು ಮುಟ್ಟಬೇಡ ಎಂದೆ. ಮಾಲೀಕನನ್ನು ಕೇಳಿದರೆ, ನಿಮ್ಮ ಗಾಲಿಯ ಕ್ವಾಲಿಟಿಯೇ ಸರಿ ಇಲ್ಲ ಎಂಬ ಉತ್ತರ ಸಿಕ್ಕಿತು. ಜಗಳವಾಡುವ ಧೈರ್ಯ ಮಾಡಲಿಲ್ಲ. ಆಸಿಡ್ ಬಿದ್ದದ್ದೂ ನಾಲ್ಕರಲ್ಲಿ ಎಲ್ಲಕ್ಕಿಂತ ಸ್ವಚ್ಛವಾಗಿದ್ದ ಗಾಲಿಯ ಮೇಲೆ ಎಂಬುದು ಮನೆಗೆ ಬಂದ ಮೇಲೆ ಹೊಳೆದು ಇನ್ನಷ್ಟು ಸಂಕಟವಾಯಿತು.

ಗಾಲಿ ತೊಳೆಯುವುದಕ್ಕೆಂದು ಮಾರುವ ಕಡುವಾದ ಆಸಿಡ್‌ಗಳಲ್ಲಿ ಕೆಲವಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಸೇರಿರುತ್ತದೆ. ಅದು ಚರ್ಮದ ಮೇಲೆ ಬಿದ್ದ ಕೂಡಲೇ ಅಷ್ಟಾಗಿ ಉರಿಯದೆಯೂ ಇರಬಹುದು. ಒಳಗಿಳಿದು ಗಂಟೆಗಳ ನಂತರ ನೋವು ಎಬ್ಬಿಸುತ್ತದೆ. ಅವನ ಕ್ಯಾನಿನಲ್ಲಿ ಯಾವುದಿತ್ತೋ. ಗಾಲಿಯ ದುಃಖ ಇಳಿದ ಮೇಲೆ ಆ ಹುಡುಗನ ಬರಿಗೈಯೇ ಕಣ್ಣ ಮುಂದೆ ಬರುತ್ತಿತ್ತು.

ಇಲ್ಲಿಂದ ಮುಂದಿನದಕ್ಕೆಲ್ಲ ಅಪ್ಪ ಕಾರಣ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕರಗಿದ ಬೀಡು ಕಬ್ಬಿಣವನ್ನು ಅಚ್ಚಿಗೆ ಸುರಿಯುತ್ತಾ ಆಯುಷ್ಯ ಕಳೆದು ನಿವೃತ್ತರಾದವರು ಅವರು. ಅನಗೋಳ, ವಡಗಾವಿ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಫೌಂಡ್ರಿಯ ಅನ್ನ ಉಂಡದ್ದು. ಸಂಜೆ ಅಪ್ಪ ಬಂದರೆ ಬಚ್ಚಲಿಗೆ ಹೋಗುವ ದಾರಿಯುದ್ದಕ್ಕೂ ಕಪ್ಪು ಹೆಜ್ಜೆ ಬೀಳುತ್ತಿತ್ತು. ಅವರು ಮೂಗು ಸೀನಿದ ಕರವಸ್ತ್ರವನ್ನು ಅವ್ವ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಎಡ ಮುಂಗಾಲಿಯನ್ನು ಹಳೆಯ ಧೋತರದ ತುಂಡಿನಿಂದ ಒಣದಾಗಿಯೇ ಒರೆಸುತ್ತಿದ್ದೆ. ಅಪ್ಪ ಹೊರಗೆ ಬಂದವರೇ, "ಮೊದಲು ನೀರು ಹಾಕು" ಎಂದರು. ಏಕೆ ಎಂದೆ. "ಒಣ ಧೂಳನ್ನು ಎಬ್ಬಿಸಬೇಡ. ನಮ್ಮಲ್ಲಿ ಎಬ್ಬಿಸಿದವರು ಈಗ ನಾಲ್ಕು ಮೆಟ್ಟಿಲು ಹತ್ತಿ ನಿಲ್ಲುತ್ತಾರೆ." ಫೌಂಡ್ರಿಯ ಮರಳಿನಲ್ಲಿ ಇರುವುದು ಸಿಲಿಕಾ, ಗಾಲಿಗೆ ಹಿಡಿಯುವ ಬ್ರೇಕ್ ಧೂಳು ಬೇರೆ ಜಾತಿಯದು. ಆದರೂ ಅಪ್ಪನ ಮಾತು ಇಲ್ಲಿಗೂ ಸಲ್ಲುತ್ತದೆ. ಹಳೆಯ ಕಾಲದ ಬ್ರೇಕ್ ಪ್ಯಾಡುಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಅದಿಲ್ಲದ ಪ್ಯಾಡಿನ ಧೂಳೂ ಎದೆಗೆ ಒಳ್ಳೆಯದಲ್ಲ. ಗ್ಯಾರೇಜುಗಳಲ್ಲಿ ಡ್ರಮ್ ಬಿಚ್ಚಿ ಗಾಳಿಯ ಪೈಪಿನಿಂದ ಉಫ್ ಎಂದು ಊದಿಸುವುದನ್ನು ಕಂಡಾಗಲೆಲ್ಲ ನಾನು ಈಗ ಹತ್ತು ಹೆಜ್ಜೆ ಆಚೆ ಹೋಗಿ ನಿಲ್ಲುತ್ತೇನೆ.

ನೀರು ಹಾಕಿ ಒರೆಸಿದೆ. ಅಪ್ಪ ಬಕೆಟ್ಟಿನ ನೀರನ್ನು ಚೆಲ್ಲಗೊಡಲಿಲ್ಲ. ತಿಳಿಯಾದ ಮೇಲೆ ಮೇಲಿನದನ್ನು ಬಸಿದು, ತಳದ ರಾಡಿಯನ್ನು ಹಳೆಯ ಪತ್ರಿಕೆಯ ಮೇಲೆ ಬಿಸಿಲಿಗೆ ಒಣಗಿಸಿದರು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತಿಟ್ಟಿದ್ದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ಮೇಲೆ ಆಡಿಸಿದರು. ಪುಡಿ ಎದ್ದು ನಿಂತಿತು. ಬೆಕ್ಕಿನ ಬೆನ್ನಿನ ರೋಮದಂತೆ ಚೀಲದ ತುಂಬ ಕಪ್ಪು ಮುಳ್ಳುಗಳು. ಮಣ್ಣು ಪತ್ರಿಕೆಯ ಮೇಲೆಯೇ ಉಳಿಯಿತು. ಅದು ಸ್ವಲ್ಪವೇ ಇತ್ತು.

"ಇದು ಜಾಂಬೋಟಿಯ ಮಣ್ಣಲ್ಲ, ಬೀಡು" ಎಂದರು.

ಡಿಸ್ಕ್ ಎಂದು ನಾವು ಕರೆಯುವ, ಗಾಲಿಯ ಜೊತೆಗೇ ತಿರುಗುವ ಆ ತಟ್ಟೆ ಬೀಡು ಕಬ್ಬಿಣದ್ದು, ಬೂದು ಬೀಡು. ಅದರ ಒಡಲಲ್ಲಿ ಗ್ರಾಫೈಟಿನ ಸಣ್ಣ ಸಣ್ಣ ಪದರುಗಳು ಹರಡಿಕೊಂಡಿರುತ್ತವೆ. ಮುರಿದರೆ ಬೂದು ಬಣ್ಣ ಕಾಣುವುದು ಅದಕ್ಕೇ. ಬಿಸಿಯನ್ನು ಬೇಗ ಹರಡುತ್ತದೆ, ನಡುಕವನ್ನು ನುಂಗುತ್ತದೆ, ಅಗ್ಗ. ಬ್ರೇಕ್ ತುಳಿದಾಗ ಎರಡು ಕಡೆಯಿಂದ ಪ್ಯಾಡ್ ಬಂದು ಇದನ್ನು ಹಿಂಡುತ್ತವೆ. ಪ್ಯಾಡ್ ಎಂದರೆ ಅಂಟಿನಲ್ಲಿ ಕಲಸಿದ ನಾರು, ಲೋಹದ ಎಳೆ, ಗ್ರಾಫೈಟ್, ಒರಟು ಪುಡಿ. ಹಿಂಡಿದಾಗ ಪ್ಯಾಡೂ ಸವೆಯುತ್ತದೆ, ತಟ್ಟೆಯೂ ಸವೆಯುತ್ತದೆ. ಸವೆದ ಬೀಡು ಕಾದ ಕಣವಾಗಿ ಹಾರಿ ಪಕ್ಕದಲ್ಲೇ ಇರುವ ಗಾಲಿಗೆ ಬಡಿಯುತ್ತದೆ. ಗಾಲಿಯ ಮೇಲಿನ ಪಾರದರ್ಶಕ ಲೇಪಕ್ಕೆ ಕಚ್ಚಿಕೊಂಡು, ಇಬ್ಬನಿಗೋ ಮಳೆಗೋ ಅಲ್ಲೇ ತುಕ್ಕು ಹಿಡಿಯುತ್ತದೆ. ನನ್ನ ಕಿತ್ತಳೆ ಚುಕ್ಕೆಗಳೆಂದರೆ ಅವು, ಒಂದೊಂದೂ ತುಕ್ಕು ಹಿಡಿದ ಒಂದೊಂದು ಕಬ್ಬಿಣದ ಕಣ. ಶಾಂಪೂವಿಗೆ ಅದು ಹೇಗೆ ಜಗ್ಗೀತು?

ಘಟ್ಟದ ಇಳಿಜಾರಿನಲ್ಲಿ ಈ ಕೆಲಸ ಎಷ್ಟು ನಡೆಯುತ್ತದೆ ಎಂದು ಆ ರಾತ್ರಿ ಲೆಕ್ಕ ಹಾಕಿದೆ. ಪತ್ತಿನ ಸಂಘದಲ್ಲಿ ಬಡ್ಡಿ ಹಾಕುವವನಿಗೆ ಲೆಕ್ಕದ ಚಟ ಬಿಡುವುದಿಲ್ಲ. ಚೋರ್ಲಾ ಘಾಟ್ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಕೆಳಗೆ ಗೋವಾದ ಸಾಂಖಳಿ ತಲುಪುವಾಗ ಹೆಚ್ಚುಕಡಿಮೆ ಕಡಲಿನ ಮಟ್ಟಕ್ಕೆ ಬಂದಿರುತ್ತೇವೆ. ನಾಲ್ಕು ಜನ ಕುಳಿತ ಕಾರು 1,200 ಕಿಲೋ ಎಂದಿಟ್ಟುಕೊಂಡು 700 ಮೀಟರ್ ಇಳಿಸಿದರೆ, ಆ ಶಕ್ತಿಯೆಲ್ಲ ಬಿಸಿಯಾದಲ್ಲಿ 25 ಲೀಟರಿಗೂ ಹೆಚ್ಚು ತಣ್ಣೀರು ಕುದಿಯುತ್ತದೆ. ಗಾಳಿ ಒಂದಷ್ಟನ್ನು ತಿನ್ನುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ ಇನ್ನೊಂದಷ್ಟನ್ನು ಹೊರುತ್ತದೆ. ನಾನು ನಾಲ್ಕನೇ ಗೇರಿನಲ್ಲಿ, ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಇಳಿಯುತ್ತಿದ್ದವನು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ದುಡಿಮೆಯ ದೊಡ್ಡ ಪಾಲು ಮುಂದಿನ ಜೋಡಿಗೆ. ಎಂದರೆ ಪ್ರತಿ ತಿಂಗಳೂ ಎರಡು ಬೀಡಿನ ತಟ್ಟೆಗಳ ಮೇಲೆ ಸ್ನಾನದ ಹಂಡೆ ಇಟ್ಟು ಕಾಯಿಸುತ್ತಿದ್ದೆ. ಕೆಳಗೆ ಚಹಾಕ್ಕೆ ನಿಲ್ಲಿಸಿದಾಗ ಬರುತ್ತಿದ್ದ ಸುಟ್ಟ ವಾಸನೆಯನ್ನು ಮುಂದಿನ ಲಾರಿಯ ತಲೆಗೆ ಕಟ್ಟುತ್ತಿದ್ದೆ.

ಹಿಂದಿನ ಗಾಲಿಗಳು ಏಕೆ ಶುಭ್ರ ಎಂಬುದೂ ಆಗ ತಿಳಿಯಿತು. ಡ್ರಮ್ ಬ್ರೇಕಿನ ಧೂಳು ಡ್ರಮ್ಮಿನ ಹೊಟ್ಟೆಯಲ್ಲೇ ಉಳಿಯುತ್ತದೆ.

ಕಬ್ಬಿಣವನ್ನು ಕರಗಿಸಿ ತೆಗೆಯುವ ದ್ರವ ಒಂದು ಸಿಗುತ್ತದೆ. ಐರನ್ ರಿಮೂವರ್ ಎಂದು ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಅರ್ಧ ಲೀಟರಿನ ಬಾಟಲಿ ತಂದೆ. ಬೆಲೆಯನ್ನು ಅವ್ವನಿಗೆ ಹೇಳಲಿಲ್ಲ. ಬಹುಪಾಲು ಬಾಟಲಿಗಳಲ್ಲಿ ಇರುವುದು ಅಮೋನಿಯಂ ಥಯೋಗ್ಲೈಕೋಲೇಟ್ ಅಥವಾ ಅದರ ದಾಯಾದಿ. ಆಸಿಡ್ಡಿನಂತೆ ಕಂಡದ್ದನ್ನೆಲ್ಲ ತಿನ್ನುವುದಿಲ್ಲ. ಕಬ್ಬಿಣವನ್ನು ಹುಡುಕಿ ಹಿಡಿದುಕೊಂಡು ನೀರಿನಲ್ಲಿ ಕರಗುವ ನೇರಳೆ ಬಣ್ಣದ ವಸ್ತುವಾಗುತ್ತದೆ. ಲೇಪ ಗಟ್ಟಿಯಾಗಿರುವ ಗಾಲಿಗೆ ಅಪಾಯ ಕಡಿಮೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಹಿಂದಿನ ರಾತ್ರಿಯಿಂದ ನಿಂತಿದ್ದ ಗಾಡಿ, ಗಾಲಿಗಳು ತಣ್ಣಗಿದ್ದವು. ಇದು ಮುಖ್ಯ. ಬಿಸಿ ಗಾಲಿಯ ಮೇಲೆ ಸಾಬೂನೂ ಒಣಗುತ್ತದೆ, ಔಷಧವೂ ಒಣಗುತ್ತದೆ, ಒಣಗಿದ ಕಲೆ ಹಳೆಯದಕ್ಕಿಂತ ಹಟಮಾರಿ. ಕಾದ ಡಿಸ್ಕಿನ ಮೇಲೆ ತಣ್ಣೀರು ಎರಚಿದರೆ ತಟ್ಟೆ ಸೊಟ್ಟಗಾಗುವ, ಬಿರುಕು ಬಿಡುವ ಭಯವೂ ಇದೆ. ಕೆಂಪಗೆ ಕಾದ ಎರಕಕ್ಕೆ ಅಪ್ಪಿತಪ್ಪಿ ನೀರು ಬಿದ್ದರೆ ಏನಾಗುತ್ತದೆ ಎಂಬುದರ ಕಥೆಗಳು ಅಪ್ಪನ ಬಳಿ ಹತ್ತಾರಿವೆ.

ಮೊದಲು ಬರಿ ನೀರು, ಆಮೇಲೆ ಶಾಂಪೂ. ಮಣ್ಣು ಪೂರ್ತಿ ಹೋಗದೆ ದುಬಾರಿ ದ್ರವ ಹಾಕಿದರೆ ಅದು ಮಣ್ಣಿಗೆ ಹಾಕಿದ ದುಡ್ಡು. ಗಾಲಿಗೆಂದೇ ಒಂದು ಬಕೆಟ್, ಒಂದು ಅರಿವೆ ಬೇರೆ ಇಟ್ಟೆ. ಗಾಲಿಯ ಅರಿವೆಯಿಂದ ಬಾನೆಟ್ ಒರೆಸಿದರೆ ಕಬ್ಬಿಣದ ಪುಡಿಯಲ್ಲಿ ಬಣ್ಣ ತಿಕ್ಕಿದಂತೆ. ಡಾಂಬರಿನ ಕಪ್ಪು ಹನಿಗಳಿಗೆ ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುದಿ ಸಾಕಾಯಿತು. ಅದನ್ನು ಡಿಸ್ಕಿನ ಹತ್ತಿರ ಸುಳಿಯಗೊಡಲಿಲ್ಲ. ಪ್ಯಾಡಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಎಣ್ಣೆಯ ಜಿಡ್ಡನ್ನು ಮತ್ತೆ ಶಾಂಪೂವಿನಿಂದ ತೊಳೆದು, ನೀರನ್ನು ಒರೆಸಿ ತೆಗೆದೆ.

ಆಮೇಲೆ ಬಾಟಲಿ ಒತ್ತಿದೆ. ಮೊದಲು ಬಲ ಮುಂಗಾಲಿಗೆ.

ಒಂದು ನಿಮಿಷ ಏನೂ ಇಲ್ಲ. ಮೋಸ ಹೋದೆನೇ ಎನಿಸಿತು. ಅಷ್ಟರಲ್ಲಿ ಒಂದು ಚುಕ್ಕೆಯ ಸುತ್ತ ನಸುಗೆಂಪು, ಇನ್ನೊಂದರ ಸುತ್ತ. ನೋಡುತ್ತಿದ್ದಂತೆ ಗಾಲಿಯ ಕಡ್ಡಿಗಳ ಮೇಲಿಂದ ನೇರಳೆ ಹಣ್ಣಿನ ರಸ ಇಳಿಯತೊಡಗಿತು. ಜೊತೆಗೆ ವಾಸನೆ. ಕೊಳೆತ ಮೊಟ್ಟೆಗೆ ಅಮೋನಿಯಾ ಬೆರೆಸಿದಂತೆ. ಪಕ್ಕದ ಮನೆಯ ಕಾಕಾ ಗಟಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಿಟಕಿ ಮುಚ್ಚಿದರು. ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಎರಡು ಸಲ ಮೂಗೆಳೆದು, "ಇದು ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡಲು ಹಚ್ಚುವ ಔಷಧದ ವಾಸನೆ ಅಲ್ಲವೇನ್ರೀ?" ಎಂದಳು. ನಕ್ಕುಬಿಟ್ಟೆ. ಆಮೇಲೆ ನೋಡಿದರೆ ಅವಳು ಹೇಳಿದ್ದು ಅಕ್ಷರಶಃ ಸರಿ: ಎರಡರಲ್ಲೂ ಇರುವುದು ಅದೇ ರಾಸಾಯನಿಕ. ಕೂದಲು ತೆಗೆಯುವ ಕ್ರೀಮುಗಳಲ್ಲಿರುವುದೂ ಅದೇ ಕುಲದ್ದು. ನನ್ನ ತಲೆಯ ಮೇಲೆ ಅದು ಕರಗಿಸಬೇಕಾದದ್ದು ಹೆಚ್ಚೇನೂ ಉಳಿದಿಲ್ಲವಾದರೂ ಗ್ಲೌಸ್ ಬಿಚ್ಚಲಿಲ್ಲ.

ಬಾಟಲಿಯ ಮೇಲೆ ಬರೆದಷ್ಟು ನಿಮಿಷ, ಒಣಗುವುದಕ್ಕೆ ಬಿಡದೆ. ನಡುವೆ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಕಡ್ಡಿಗಳ ಸಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಟ್ಟಿನ ಗುಳಿ. ತಿಕ್ಕುವುದು ಎಂದರೆ ತಿಕ್ಕುವುದಲ್ಲ, ದ್ರವವನ್ನು ಅಲುಗಾಡಿಸುವುದು. ಸ್ಟೀಲಿನ ನಾರು ಹಿಡಿದವನಿಗೆ ಈ ಸಂಯಮ ಕಷ್ಟವೇ. ನಂತರ ಧಾರಾಳವಾಗಿ ನೀರು. ಬಲ ಮುಂಗಾಲಿ ಒಂದೇ ಸುತ್ತಿಗೆ ಬೆಳ್ಳಗಾಯಿತು. ಉಳಿದಿದ್ದ ಹತ್ತಿಪ್ಪತ್ತು ಚುಕ್ಕೆಗಳನ್ನು ಸಾಬೂನು ನೀರು ಚಿಮುಕಿಸಿ ಕ್ಲೇ ಬಾರ್ ಎಂಬ ಜೇಡಿಯಂತಹ ಮುದ್ದೆಯಿಂದ ಸವರಿ ತೆಗೆದೆ. ಒಮ್ಮೆ ಆ ಮುದ್ದೆ ಕೈಜಾರಿ ನೆಲಕ್ಕೆ ಬಿದ್ದಿತು. ಬಿದ್ದ ತುಂಡನ್ನು ಮತ್ತೆ ಬಳಸಬಾರದು, ಅಂಟಿದ ಮರಳು ಗೀರು ಎಳೆಯುತ್ತದೆ. ಅದನ್ನು ಎಸೆದೆ.

ಎಡ ಮುಂಗಾಲಿಗೆ ಬಂದೆ. ನೇರಳೆ ಅಲ್ಲ, ಕಡುನೇರಳೆ, ರಕ್ತ ಹೆಪ್ಪುಗಟ್ಟಿದಂತೆ. ತೊಳೆದೆ, ಮತ್ತೆ ಹಾಕಿದೆ, ಮತ್ತೆ ಅದೇ ಬಣ್ಣ. ಮೂರನೆಯ ಸಲವೂ. ಬಾಟಲಿ ಮುಕ್ಕಾಲು ಖಾಲಿ. ಚಹಾದ ಲೋಟ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಆಗ ಒಂದು ಪ್ರಶ್ನೆ ಕೇಳಿದರು. ಎಂಟು ತಿಂಗಳ ಹಿಂದೆಯೇ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು.

"ಒಂದೇ ಕಾರು, ಒಂದೇ ಪೆಡಲು. ಎರಡು ತಟ್ಟೆಯಲ್ಲಿ ಒಂದು ಮಾತ್ರ ಇಷ್ಟು ಬೀಡು ಉದುರಿಸುವುದು ಹೇಗೆ?"

ಗಟಾರದ ಕಾರಣ ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಅಯಸ್ಕಾಂತದ ಚೀಲವನ್ನು ಕಣ್ಣಾರೆ ಕಂಡಿದ್ದೆನಲ್ಲ.

ಗಾಲಿ ಬಿಚ್ಚುವುದೆಂದಾಯಿತು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗಾಲಿ ನೆಲದ ಮೇಲಿರುವಾಗಲೇ ಪಾನಾ ಹಾಕಿ ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಿದೆ. ಎತ್ತಿದ ಮೇಲೆ ಸಡಿಲಿಸಲು ಹೋದರೆ ಗಾಲಿ ತಿರುಗುತ್ತದೆ, ಗಾಡಿ ಜಾಕಿನಿಂದ ಜಾರಲೂಬಹುದು. ಬಿಚ್ಚಿದ ಗಾಲಿಯನ್ನು ಗಾಡಿಯ ಹೊಟ್ಟೆಯ ಕೆಳಗೆ ಮಲಗಿಸುವಂತೆ ಅಪ್ಪ ಹೇಳಿದರು. ಜಾಕ್ ಕೈಕೊಟ್ಟರೂ ಗಾಡಿ ಅದರ ಮೇಲೆ ನಿಲ್ಲುತ್ತದೆ. ಅದನ್ನು ತೊಳೆಯಲು ಎಳೆದುಕೊಂಡಾಗ ಅದರ ಜಾಗಕ್ಕೆ ಸ್ಟೆಪ್ನಿ ಹೋಯಿತು.

ಗಾಲಿಯ ಹಿಂಬದಿಯನ್ನು ಅದುವರೆಗೆ ನಾನು ನೋಡಿಯೇ ಇರಲಿಲ್ಲ. ರೊಟ್ಟಿಯ ಹೆಂಚಿನ ತಳ. ಕಪ್ಪು ಪೊರೆಗಟ್ಟಿ, ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತಿತ್ತು. ಮುಂದಿನ ಮುಖವನ್ನು ತೊಳೆದು ಹಿಗ್ಗುತ್ತಿದ್ದದ್ದು ಎಂಥ ಕೆಲಸ ಎಂದು ನಾಚಿಕೆಯಾಯಿತು. ನಾಚಿಕೆಯ ಭರದಲ್ಲಿ ಒಂದು ತಪ್ಪು ಮಾಡಿದೆ. ಗಟ್ಟಿ ಬ್ರಷ್ಷಿನಿಂದ ಜೋರಾಗಿ ಉಜ್ಜುವಾಗ ಗಾಲಿಯ ಒಳಗೋಡೆಗೆ ಅಂಟಿದ್ದ ಒಂದು ಬೂದು ತುಂಡು ಟಪ್ ಎಂದು ಉದುರಿತು. ಕೊಳೆಯ ಗಡ್ಡೆ ಎಂದುಕೊಂಡು ಗಟಾರಕ್ಕೆ ತಳ್ಳಿದೆ. ಅದು ಗಾಲಿಯ ತೂಕ ಸರಿದೂಗಿಸಲು ಅಂಟಿಸಿದ್ದ ಬ್ಯಾಲೆನ್ಸಿಂಗ್ ತುಂಡು. ಈ ಪ್ರಕರಣದ ಉಳಿದರ್ಧ ಎರಡು ದಿನದ ಮೇಲೆ ಹೆದ್ದಾರಿಯಲ್ಲಿ ತೆರೆದುಕೊಂಡಿತು: 80 ದಾಟುತ್ತಲೇ ಸ್ಟಿಯರಿಂಗ್ ಚಳಿಜ್ವರ ಬಂದವರಂತೆ ನಡುಗಿತು. ಟೈರ್ ಅಂಗಡಿಯಲ್ಲಿ ಗಾಲಿ ತಿರುಗಿಸಿ ನೋಡಿ ಹೊಸ ತುಂಡು ಅಂಟಿಸಿದರು. ಈಗ ಹಿಂಬದಿ ತೊಳೆಯುವಾಗ ಮೊದಲು ಆ ತುಂಡುಗಳು ಎಲ್ಲಿವೆ ಎಂದು ನೋಡಿಕೊಳ್ಳುತ್ತೇನೆ.

ಗಾಲಿ ತೆಗೆದ ಜಾಗದಲ್ಲಿ ಅಪ್ಪ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದರು. ಹೊರಗಿನ ಪ್ಯಾಡ್ ಪರವಾಗಿಲ್ಲ, 6 ಮಿಲಿಮೀಟರಿನಷ್ಟು ಇತ್ತು. ಒಳಗಿನದು 2 ಮಿಲಿಮೀಟರ್ ಕೂಡ ಇರಲಿಲ್ಲ. ಹಿಂದಿನ ಉಕ್ಕಿನ ಹಲಗೆ ತಟ್ಟೆಯನ್ನು ಮುಟ್ಟುವುದಕ್ಕೆ ಒಂದು ಚೋರ್ಲಾ ಪ್ರಯಾಣ ಸಾಕಿತ್ತೇನೋ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅಪ್ಪ ತಟ್ಟೆಯನ್ನು ಕೈಯಿಂದ ತಿರುಗಿಸಲು ನೋಡಿದರು, ತಿರುಗಲಿಲ್ಲ. ಬ್ರೇಕ್ ತುಳಿಯದೆಯೇ ಬ್ರೇಕ್ ಹಿಡಿದಿತ್ತು.

ಸಂಜೆ ನಮ್ಮ ಪರಿಚಯದ ಮೆಕ್ಯಾನಿಕ್ ಮಾಮಾ ಬಂದು ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿದರು. ನನ್ನ ಕಾರಿನದು ಒಂದೇ ಕಡೆ ಪಿಸ್ಟನ್ ಇರುವ ಜಾತಿ. ಬ್ರೇಕ್ ತುಳಿದಾಗ ಒಳಗಿನ ಪ್ಯಾಡನ್ನು ಪಿಸ್ಟನ್ ತಳ್ಳುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರಬೇಕು, ಕಾಲು ತೆಗೆದಾಗ ಹಿಂದೆ ಸರಿಯಬೇಕು. ಕೆಳಗಿನ ಪಿನ್ನಿನ ರಬ್ಬರ್ ಬೂಟು ಹರಿದು, ಒಳಗೆ ನೀರು ಹೋಗಿ, ಗ್ರೀಸ್ ಒಣಗಿ, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರುತ್ತಲೇ ಇರಲಿಲ್ಲ. ಒಳಗಿನ ಪ್ಯಾಡ್ ಹಗಲೂ ರಾತ್ರಿ ತಟ್ಟೆಗೆ ಒರಗಿಕೊಂಡು ಸವೆಯುತ್ತಿತ್ತು. ಗಾಡಿ ತುಸು ಎಡಕ್ಕೆ ಎಳೆಯುತ್ತಿದ್ದದ್ದು ನನಗೆ ಗೊತ್ತಿತ್ತು. ರಸ್ತೆಯೇ ಅಂಚಿನ ಕಡೆಗೆ ಇಳಿಜಾರು, ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು ಎಂದುಕೊಂಡಿದ್ದೆ. ಎಲ್ಲದಕ್ಕೂ ನನ್ನ ಬಳಿ ಒಂದು ಕಾರಣ ತಯಾರಿರುತ್ತಿತ್ತು.

"ಕಾಕಾ, ಇದನ್ನು ಪತ್ತೆ ಹಿಡಿದವರು ಯಾರು?" ಎಂದು ಮಾಮಾ ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ಬೆರಳು ತೋರಿಸಿ, "ಅವನು ಗಾಲಿ ಮಿಂಚಿಸಲು ಹೋಗಿದ್ದ" ಎಂದರು. ಅದರಲ್ಲಿ ಹೊಗಳಿಕೆ ಎಷ್ಟು, ತೆಗಳಿಕೆ ಎಷ್ಟು ಎಂದು ಇನ್ನೂ ಬಿಡಿಸಲಾಗಿಲ್ಲ.

ಪಿನ್ ಉಜ್ಜಿ, ಹೊಸ ಬೂಟು ಹಾಕಿ, ಬಿಸಿ ತಡೆಯುವ ಸಿಲಿಕೋನ್ ಗ್ರೀಸ್ ಸವರಿದರು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಅದೇ ಕಥೆ ಎಂದರು. ಪ್ಯಾಡುಗಳನ್ನು ಎರಡೂ ಕಡೆ ಬದಲಿಸಿದರು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಸಮನಾಗಿ ಹಿಡಿಯುವುದಿಲ್ಲ. ಗಾಡಿ ತೆಗೆಯುವ ಮುನ್ನ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು ಎಂದು ಎಚ್ಚರಿಸಿದರು. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತಾರೆ. ಮೊದಲ ತುಳಿತ ನೆಲಕ್ಕೇ ಹೋಗುತ್ತದೆ. ನಿಂತಲ್ಲೇ ತುಳಿದು ನೋಡಿದೆ. ನಿಜವಾಗಿಯೂ ಏನೂ ಇಲ್ಲದಂತೆ ಒಳಗೆ ಹೋಯಿತು. ಎದೆ ಝಲ್ಲೆಂದಿತು. ಐದನೆಯದಕ್ಕೆ ಕಲ್ಲಿನಂತೆ ನಿಂತಿತು.

ಎಲ್ಲ ಗಾಲಿಗಳಿಗೂ ಮೇಣ ಹಚ್ಚಿ ಮುಗಿಸುವ ಹೊತ್ತಿಗೆ ಬೀದಿ ದೀಪ ಹತ್ತಿತ್ತು. ಮೇಣದ ಮೇಲೆ ಕೂತ ಧೂಳು ಬರಿ ನೀರಿಗೆ ಹೆಚ್ಚುಕಡಿಮೆ ಹೋಗುತ್ತದೆ. ಎರಡು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ನೇರಳೆ ದ್ರವವನ್ನು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ತೆಗೆಯಬೇಕಾಗಿ ಬಂದಿಲ್ಲ. ಆಸಿಡ್ ತಿಂದ ಹಿಂಗಾಲಿ ಮಾತ್ರ ಹಾಗೆಯೇ ಉಳಿಯಿತು. ಲೇಪವೇ ಸುಟ್ಟ ಮೇಲೆ ಯಾವ ಮೇಣವೂ ಹತ್ತುವುದಿಲ್ಲ. ಹೊಸದಾಗಿ ಬಣ್ಣ ಹೊಡೆಸಬೇಕು, ಹೊಡೆಸಿಲ್ಲ. ಗೋಡೆಯ ಕಡೆಗೆ ಬರುವಂತೆ ಗಾಡಿ ನಿಲ್ಲಿಸುತ್ತೇನೆ. ಹಾಗೆ ನಿಲ್ಲಿಸಿದಾಗ ಎಡ ಮುಂಗಾಲಿ ಗಟಾರದಿಂದ ದೂರ ಬೀದಿಯ ಕಡೆಗೆ ಬರುತ್ತದೆ.

ಮೊದಲ ವಾರ ಹೊಸ ಪ್ಯಾಡುಗಳು ತಟ್ಟೆಗೆ ಒಗ್ಗಿಕೊಳ್ಳುವಾಗ ಧೂಳು ಇನ್ನೂ ಹೆಚ್ಚಾಯಿತು. ಗಾಬರಿಯಾಗಿ ಮಾಮಾನಿಗೆ ಫೋನ್ ಮಾಡಿದೆ, ನಕ್ಕರು. ಆಮೇಲೆ ಪಣಜಿಗೆ ಹೋಗಿ ಬಂದೆವು. ಕಣಕುಂಬಿ ದಾಟಿದ ಮೇಲೆ ಎರಡನೇ ಗೇರಿಗೆ ಹಾಕಿ ಇಳಿಸಿದೆ. ಹಿಂದೆ ಕುಳಿತಿದ್ದ ಅವ್ವ, "ಇದೇನು ಎತ್ತಿನ ಗಾಡಿ ಮಾಡಿದೆ" ಎಂದು ಗೊಣಗಿದಳು. ಕೆಳಗೆ ಚಹಾದ ಅಂಗಡಿಯ ಮುಂದೆ ಸುಟ್ಟ ವಾಸನೆ ಇರಲಿಲ್ಲ. ಲಾರಿಗಳು ಎಂದಿನಂತೆ ನಿಂತಿದ್ದವು.

ಮರುದಿನ ಬೆಳಿಗ್ಗೆ ನಾನು ಬಕೆಟ್ ತರುವಷ್ಟರಲ್ಲಿ ಅಪ್ಪ ಗಾಡಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದರು. ಬಲ ಮುಂಗಾಲಿಯ ಮೇಲೆ ತೋರುಬೆರಳನ್ನು ಎಳೆದರು. ನಿಧಾನವಾಗಿ ಎದ್ದು ಈಚೆ ಬಂದು ಎಡ ಮುಂಗಾಲಿಯ ಮೇಲೆ ಇನ್ನೊಂದು ಕೈಯ ತೋರುಬೆರಳನ್ನು ಎಳೆದರು. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದು ನನ್ನತ್ತ ಚಾಚಿದರು. ಎರಡೂ ಅಷ್ಟಷ್ಟೇ ಕಪ್ಪಾಗಿದ್ದವು.